ಹಸಿ ಗ್ವಾಡಿ, ಬಿಸಿ ತಲಿ

ಮನಿ ಮಾರೋರು ಇರೋತನಕ ನನ್ನ ಬಿ.ಪಿ. ಗುಳಿಗಿ ನಿಲ್ಲೂದಿಲ್ಲ. ಇದನ್ನ ನಮ್ಮ ಡಾಕ್ಟರಿಗೂ ಹೇಳೇನಿ, ಅವರು ನಕ್ಕರು. ಅವರಿಗೇನ್ರಿ, ಪೇಷಂಟ್ ಸುಳ್ಳು ಹೇಳಿದ್ರ ಪೇಷಂಟಿಗೇ ಲುಕ್ಸಾನ. ನಾ ನೋಡೂದು ಗ್ವಾಡಿ. ಗ್ವಾಡಿ ಪಾಪ ಸುಮ್ನ ನಿಂತಿರ್ತೈತಿ, ಸುಳ್ಳು ಹೇಳೂದು ಅದರ ಮಾಲಕ. ಅದೂ ಹೆಂಗ, ಖುರ್ಚಿ ಹಾಕಿ, ಚಾ ಕುಡಿಸಿ, ಕಣ್ಣಾಗ ಕಣ್ಣಿಟ್ಟು ಹೇಳ್ತಾನ. ವಾರಕ್ಕ ಒಂದರ ಇಂಥಾದ್ದು ಆಗಲಿಲ್ಲಂದ್ರ ಆ ವಾರ ನಾ ಕೆಲಸಕ್ಕ ಹೋಗಿಲ್ಲ ಅಂತ ತಿಳ್ಕೋರಿ.

ನನ್ನ ಕೆಲಸ ಏನಂತ ಮೊದ್ಲ ಹೇಳಿಬಿಡ್ತೀನಿ. ಸಿವಿಲ್ ಡಿಪ್ಲೊಮಾ ಮಾಡಿ, ಹುಬ್ಬಳ್ಳ್ಯಾಗ ಒಬ್ಬ ಗುತ್ತಿಗೆದಾರರ ಕಡೆ ಹನ್ನೆರಡು ವರ್ಷ ದುಡದಾಕಿ ನಾನು. ಈಗ ಕುಂದಗೋಳದಾಗ ಇರ್ತೀನಿ. ಯಾರರ ಹಳೇ ಮನಿ ಕೊಳ್ಳೂದಿದ್ರ, ಕೊಳ್ಳೂಕಿಂತ ಮೊದ್ಲ ನಾ ಹೋಗಿ ಅದನ್ನ ತಪಾಸಣಿ ಮಾಡಿ, ಏನೈತಿ ಏನಿಲ್ಲ ಬರದು ಕೊಡ್ತೀನಿ. ಕೈಯಾಗ ಒಂದು ಥರ್ಮಲ್ ಕ್ಯಾಮೆರಾ ಇರ್ತೈತಿ. ಗ್ವಾಡಿ ಹಸಿ ಇದ್ದಲ್ಲೆ ತಣ್ಣಗಿರ್ತೈತಿ, ಪರದೆ ಮ್ಯಾಲೆ ನೀಲಿ ಕಾಣ್ತೈತಿ. ಒಣಾ ಇದ್ದಲ್ಲೆ ಹಳದಿ, ಕೇಸರಿ. ಸಂಶೆ ಬಂದಲ್ಲೆ ಎರಡು ಸೂಜಿ ಇರೋ ಇನ್ನೊಂದು ಮೀಟರ್ ಚುಚ್ಚಿ ಖಾತ್ರಿ ಮಾಡ್ಕೋತೀನಿ. ಇಷ್ಟ. ಇದು ಗ್ವಾಡಿ ಆಚೆ ನೋಡೂದಿಲ್ಲ, ಅರಬಿ ಒಳಗ ನೋಡೂದಿಲ್ಲ, ನೆಲದ ಕೆಳಗಿನ ಬಂಗಾರ ನೋಡೂದಿಲ್ಲ. ಈ ಮಾತು ಹೇಳಿ ಹೇಳಿ ನನ್ನ ಬಾಯಾಗಿನ ಪಸಿ ಆರೇತಿ.

ಈಗ ಹೇಳೂದು ಒಬ್ಬ ಕಂಡಕ್ಟರ್ ಕಾಕಾಗ ನಾ ಮನಿ ಹುಡುಕಿ ಕೊಟ್ಟ ಕಥಿ. ಮೂವತ್ತು ವರ್ಷ ಬಸ್ಸಿನ್ಯಾಗ ಟಿಕೆಟ್ ಹರದು ರಿಟೈರ್ ಆದ ಮನಷ್ಯಾ. ನಮ್ಮ ಓಣ್ಯಾಗ ಬಾಡಿಗಿ ಇದ್ರು, ಗಂಡ ಹೆಂಡತಿ ಇಬ್ಬರ. ಕಾಕೂಗ ದಮ್ಮು. ಆ ಬಾಡಿಗಿ ಮನಿ ಗ್ವಾಡಿ ಎಂಥಾದ್ದಂದ್ರ, ಮಳಿಗಾಲದಾಗ ಕ್ಯಾಲೆಂಡರ್ ತೂಗುಹಾಕಿದ್ರ ತಿಂಗಳ ಮುಗಿಯೋದ್ರಾಗ ಬೂಸ್ಟು ಹಿಡಿತಿತ್ತು. ಮೂರು ವರ್ಷದಿಂದ ಕಾಕು ನೆಟ್ಟಗ ಮಲಗಿರಲಿಲ್ಲ. ಬೆನ್ನಿಗೆ ನಾಕು ದಿಂಬು ಒಟ್ಟಿಕೊಂಡು ಕುಂತ ನಿದ್ದಿ ಮಾಡ್ತಿದ್ದಳು, ಅದೂ ಬಂದ್ರ. ಡಾಕ್ಟರು ಖಡಾಖಂಡಿತ ಹೇಳಿದ್ರು, ಮುಂದಿನ ಮಳಿಗಾಲ ಈ ಮನ್ಯಾಗ ಕಳೀಬ್ಯಾಡ್ರಿ ಅಂತ.

ಕಾಕಾ ನನ್ನ ಕಡೆ ಬಂದು ಅಂದ್ರು, "ಬಾಯಾರ, ನನಗ ಚಂದ ಮನಿ ಬ್ಯಾಡ. ದೊಡ್ಡ ಮನಿ ಬ್ಯಾಡ. ಒಣಾ ಮನಿ ಬೇಕು. ಮಿರಗಾ ಮಳಿ ಹಿಡಿಯೋದರೊಳಗ ಈಕಿನ್ನ ಅಲ್ಲೆ ಕರಕೊಂಡು ಹೋಗಬೇಕು."

ಆಗ ಮಾರ್ಚ್ ತಿಂಗಳು. ಮೂರು ತಿಂಗಳದಾಗ ಒಂದು ಒಣಾ ಮನಿ ಸಿಗೂದಿಲ್ಲೇನು ಅಂತ ನಾನೂ ಹೂಂ ಅಂದೆ.

೧. ಸಾಹೇಬ್ರು ಎಲ್ಲೆ?

ಮೊದಲ್ನೇ ಮನಿ ಕುಂದಗೋಳದಾಗ. ನಾ ಸ್ಕೂಟರ್ ನಿಲ್ಲಿಸಿ ಇಳದೆ. ಕಾಕಾ, ಕಾಕು ಆಟೋದಾಗ ಬಂದ್ರು. ಮನಿ ಮಾಲಕ ಬಾಗಲಾಗ ನಿಂತು ನನ್ನ ಹಿಂದ ನೋಡಿದ. ರಸ್ತೆ ಆ ತುದಿತನಕ ನೋಡಿದ.

"ಸಾಹೇಬ್ರು ಬರಾಕ ಹತ್ಯಾರೇನ್ರಿ?"

"ಯಾವ ಸಾಹೇಬ್ರು?"

"ಮಿಷನ್ನಿನ ಸಾಹೇಬ್ರು."

"ಮಿಷನ್ ಇಲ್ಲೈತಿ ನೋಡ್ರಿ," ಅಂತ ಚೀಲದಾಗಿಂದ ತಗದು ತೋರಿಸಿದೆ.

"ಅದನ್ನ ನೀವು ಹಿಡ್ಕೊಂಡು ಬಂದೀರಿ, ಸರಿ. ನೋಡೋರು ಯಾರು?"

ನನಗ ಅಲ್ಲೇ ನೆತ್ತಿಗೇರಿತು. ಹನ್ನೆರಡು ವರ್ಷ ಬಿಸಲಾಗ ನಿಂತು ಸ್ಲ್ಯಾಬ್ ಹಾಕಿಸೇನಿ, ಕಬ್ಬಿಣ ಎಣಿಸೇನಿ, ಗೌಂಡಿಗಳ ಕೂಡ ಜಗಳ ಆಡೇನಿ. ಇವರಿಗೆ ನಾನು ಮಿಷನ್ ಹೊರೂ ಕೂಲ್ಯಾಕಿ. "ನೋಡೋಕಿ ನಾನ," ಅಂದೆ. ಆತ "ಹೌದೇನ್ರಿ" ಅಂದ, ಆದ್ರ ಖುರ್ಚಿ ತಂದು ಕಾಕಾಗ ಹಾಕಿದ.

ಒಳಗ ಹೋಗಿ ಕ್ಯಾಮೆರಾ ಚಾಲೂ ಮಾಡಿದ್ದ ತಡ, ಅಡಗಿ ಮನ್ಯಾಗ ಧಡಧಡ ಸಪ್ಪಳಾತು. ಆ ಮನಿ ಸೊಸಿಯರು ಇಬ್ಬರೂ ಹಿತ್ತಲ ಬಾಗಲದಿಂದ ಓಡಿ ಹೋಗಿದ್ರು. ಆ ಕ್ಯಾಮೆರಾದಾಗ ಮೈಮ್ಯಾಲಿನ ಅರಬಿ ಕಾಣೂದಿಲ್ಲ ಅಂತ ಯಾರೋ ಪುಣ್ಯಾತ್ಮ ಹೇಳಿದ್ನಂತ. ನಾ ಹಿತ್ತಲಿಗೆ ಹೋಗಿ, "ತಂಗೀರ, ನಾನೂ ಹೆಣಮಗಳ, ಇದರಾಗ ಹಂಗೇನೂ ಕಾಣೂದಿಲ್ಲ," ಅಂದ್ರ ಅವರು ಹುಣಸಿ ಗಿಡದ ಹಿಂದಿಂದ ಹೊರಗ ಬರಲಿಲ್ಲ.

ಓಡಿ ಹೋಗದಾಕಿ ಮಾಲಕನ ತಾಯಿ ಒಬ್ಬಾಕಿನ. ಎಂಬತ್ತರ ಸಮೀಪದ ಮುದುಕಿ, ನೆಟ್ಟಗ ನನ್ನ ಮುಂದ ಬಂದು ಕುಂತು ಸೀರಿ ಮಣಕಾಲತನಕ ಏರಿಸಿ, "ಹಿಡಿಯವ್ವಾ ಇದಕ್ಕ" ಅಂದ್ಲು. ಇದು ಗ್ವಾಡಿ ನೋಡೂದು ಅಂದೆ. "ಗ್ವಾಡಿ ಎಲ್ಲೆ ಓಡಿ ಹೊಕ್ಕೈತಿ, ಮೊದ್ಲ ಇದನ್ನ ನೋಡು" ಅಂದ್ಲು. ಹಿಡಿದೆ. ಬಾತಿದ್ದ ಮಣಕಾಲು ಪರದೆ ಮ್ಯಾಲೆ ಕೆಂಪಗ ಕಾಣಿಸ್ತು. ಮುದುಕಿ ಮಗನ್ನ ಕರದು, "ನೋಡ್ಲೇ, ನಾಟಕಾ ಮಾಡ್ತೀ ಅಂತಿದ್ದಿ," ಅಂತ ಅಲ್ಲೇ ಉಗದ್ಲು. ಆ ಒಂದು ಗಳಿಗಿ ನನಗ ಹೊಟ್ಟಿ ತಣ್ಣಗಾತು.

ಮಲಗೂ ಕ್ವಾಣಿ ಗ್ವಾಡಿ ಸೊಂಟದ ಮಟಾ ನೀಲಿ. ಸೂಜಿ ಚುಚ್ಚಿದ್ರ ಮೀಟರ್ ಕಿರಚಿಕೊಂತು. ಹೊಸಾ ಬಣ್ಣದ ಕೆಳಗ ಪೂರಾ ಹಸಿ. ಕಾಕು ಅಷ್ಟೊತ್ತಿಗೇ ಸೆರಗು ಬಾಯಿಗೆ ಹಿಡ್ಕೊಂಡು ಹೊರಗ ಹೋಗಿ ಕಟ್ಟಿ ಮ್ಯಾಲೆ ಕುಂತಿದ್ಲು. ನಾ ಮಾಲಕಗ ಒಂದೊಂದ ತೋರಿಸಿ, ಬಾಜು ಬಚ್ಚಲದ ನೀರು ಹೆಂಗ ಗ್ವಾಡಿ ಏರಿ ಬರಾಕ ಹತ್ತೈತಿ ಅಂತ ಹದಿನೈದು ನಿಮಿಷ ಬಿಡಿಸಿ ಹೇಳಿದೆ. ಆತ ಎಲ್ಲಾ ಕೇಳಿ, ಗೋಣು ಹಾಕಿ, ಕಾಕಾನ ಕಡೆ ತಿರುಗಿ ಅಂದ:

"ಬಾಯಾರು ಹೇಳಿದ್ದು ಆತು. ಸಾಹೇಬ್ರು ಬಂದು ಏನಂತಾರ ನೋಡೂಣು."

೨. ಕಪ್ಪಿ

ಎರಡನೇದು ಸಂಶಿ ಊರಾಗ. ಬಸ್ ಸ್ಟ್ಯಾಂಡಿಗೆ ಹತ್ರ, ಅಂಗಡಿ ಹತ್ರ, ಕಾಕಾಗ ಜಗಾ ಮನಸಿಗೆ ಬಂದಿತ್ತು. ಎರಡು ವರ್ಷದಿಂದ ಖಾಲಿ ಇರೋ ಮನಿ ಅಂತ ಮಾಲಕನ ಹೇಳಿದ್ದ. ಒಳಗ ಹೋದ್ರ ಪಡಸಾಲಿ ಉತ್ತರದ ಗ್ವಾಡಿಗೆ ನೆಲದಿಂದ ಜಂತಿತನಕ ಶೇಂಗಾ ಚೀಲ ಒಟ್ಟಿದ್ರು. ಉಳಿದ ಮೂರು ಗ್ವಾಡಿ ಖಾಲಿ.

"ಖಾಲಿ ಮನ್ಯಾಗ ಇವು ಯಾಕ್ರಿ?"

"ನಿನ್ನಿ ಬಂದ್ವ್ರಿ. ರೇಟ್ ಬರ್ಲಿ ಅಂತ ಇಟ್ಟೇನಿ."

"ತಗಸ್ರಿ, ಹಿಂದಿನ ಗ್ವಾಡಿ ನೋಡಬೇಕು."

"ಹಮಾಲ್ರು ಇಲ್ರಿ, ಸಂತಿಗೆ ಹೋಗ್ಯಾರ. ಮೂರೂ ಗ್ವಾಡಿ ಛಲೋ ಅದಾವ, ಇದೂ ಅವರ ತಮ್ಮನ. ಇದರ ಮ್ಯಾಲೆ ಯಾಕ ಸಂಶೆ?"

ಇದನ್ನ ಕೇಳಿದ್ರ ನನಗ ಮೈ ಉರೀತೈತಿ. ಮುಚ್ಚಿಟ್ಟಿದ್ದನ್ನ ಕೇಳಿದ್ರ ಸಂಶೆ ಪಡೋ ನಾನ ಕೆಟ್ಟಾಕಿ. ಹಮಾಲರು ಬರೋತನಕ ಇಲ್ಲೇ ಕೂಡ್ತೀನಿ, ಬುತ್ತಿ ತಂದೇನಿ ಅಂದೆ. ಮಾಲಕ ಫೋನ್ ತಗದು ಯಾರಿಗೋ ಹಚ್ಚಿದಂಗ ಮಾಡಿ, ನೆಟ್‌ವರ್ಕ್ ಇಲ್ಲ ಅಂದ. ಅವನ ಬೆನ್ನ ಹಿಂದ ನನ್ನ ಫೋನಿನ್ಯಾಗ ನಾಕೂ ಕಡ್ಡಿ ಇದ್ವು.

ಕಾಕಾ ಅಂಗಿ ತೋಳು ಏರಿಸಿದ್ರು. ಮೂವತ್ತು ವರ್ಷ ಮಂದಿ ಸಾಮಾನು ಬಸ್ಸಿನ ಟಪ್ಪಿಗೆ ಏರಿಸಿದ ಮನಷ್ಯಾ, ಶೇಂಗಾ ಚೀಲ ಎಷ್ಟು ತೂಕ ಇರ್ತೈತಿ ಅಂತ ಚಂದ ಗೊತ್ತು. ಕಾಲು ಅಗಲ ಮಾಡಿ, ಉಸುರು ಬಿಗಿ ಹಿಡಿದು, ಮ್ಯಾಲಿನ ಚೀಲಕ್ಕ ಎರಡೂ ಕೈ ಹಾಕಿ ಜಗ್ಗಿದ್ರು. ಚೀಲ ಹಾರಿ ಬಂತು. ಕಾಕಾ ಚೀಲ ಅಪ್ಪಿಕೊಂಡು ಹಿಂದ ಧೊಪ್ಪಂತ ಬಿದ್ರು. ಅದರಾಗ ಶೇಂಗಾ ಇರಲಿಲ್ಲ, ಹೊಟ್ಟು ತುಂಬಿದ್ರು.

ನಾ ಗಾಬರ್ಯಾಗಿ ಎಬ್ಬಿಸಾಕ ಹೋದ್ರ ಕಾಕಾ ಕುಂತಲ್ಲೇ ಚೀಲ ಹಿಚುಕಿ ನೋಡಿ, "ರೇಟ್ ಬಂದ್ರ ನನಗೂ ತಿಳಿಸ್ರಿ," ಅಂದ್ರು. ಆಮ್ಯಾಲೆ ಇಬ್ಬರೂ ಕೂಡಿ ಐದು ನಿಮಿಷದಾಗ ಎಲ್ಲಾ ಚೀಲ ತಗದ್ವಿ. ಗ್ವಾಡಿ ಕರ್ರಗಿತ್ತು. ಕ್ಯಾಮೆರಾ ಹಿಡಿಯೋ ಜರೂರೇ ಇರಲಿಲ್ಲ. ಬುಡದಾಗ ಗಾರಿ ಉದುರಿ ಒಂದು ಗೂಡು ಆಗಿತ್ತು, ಆ ಗೂಡಿನ್ಯಾಗ ಒಂದು ಕಪ್ಪಿ ಕುಂತಿತ್ತು. ದಪ್ಪಂದು. ಬ್ಯಾಸಗಿ ದಿನದಾಗ, ಊರಿನ ಭಾವಿ ತಳಾ ಕಂಡಾಗ, ಆ ಗ್ವಾಡ್ಯಾಗ ಕಪ್ಪಿ ಸುಖವಾಗಿತ್ತು.

ಕಾಕು ಬಾಗಲಾಗಿಂದ ಬಗ್ಗಿ ನೋಡಿದ್ಲು. ಕೆಮ್ಮು ತಡಕೊಂಡು, "ಇದಕ್ಕೂ ಬಾಡಿಗಿ ತಗೋತೀರೇನ್ರಿ?" ಅಂತ ಕೇಳಿದ್ಲು.

ನಾ ಮಾಲಕಗ, "ಏನ್ರಿ ಇದು?" ಅಂದೆ. ಆತ ಕಪ್ಪಿ ನೋಡಿದ, ನನ್ನ ನೋಡಿದ, ಒಂಚೂರೂ ನಾಚಿಕಿ ಇಲ್ಲದ ಹೇಳಿದ:

"ಅದು ನಮ್ಮದಲ್ರಿ. ಬಾಜು ಮನೀದು."

೩. ಗ್ವಾಡಿಗೆ ಜ್ವರ ಇಲ್ಲ

ಏಪ್ರಿಲ್ ಮುಗೀತು. ಈ ನಡುವ ಒಬ್ಬ ದಲಾಲಿ ನಮಗ ಗಂಟು ಬಿದ್ದ. ಮನಿ ತೋರಸೂದು ಅವನ ಧಂದೆ, ನಾ ಬಂದು ಅವನ ಎರಡು ವ್ಯವಹಾರ ಕೆಡಿಸಿದ್ದೆ ಅಂತ ಹೊಟ್ಟ್ಯಾಗ ಬೆಂಕಿ. ಕುಬಿಹಾಳದಾಗ ಒಂದು ಮನಿ ಐತಿ, ಬರ್ರಿ ಅಂದ. ಹೋದ್ರ ನನಕಿಂತ ಮೊದ್ಲ ಬಂದು ನಿಂತಿದ್ದ, ಕೈಯಾಗ ಒಂದು ಬಿಳೇ ಪಿಸ್ತೂಲ್.

ಪಿಸ್ತೂಲ್ ಅಲ್ರಿ ಅದು. ಕೊರೊನಾ ಟೈಮಿನ್ಯಾಗ ಅಂಗಡಿ ಬಾಗಲಾಗ ಹಣಿಗೆ ಹಿಡಿದು ಜ್ವರ ನೋಡ್ತಿದ್ರಲ್ಲ, ಅದು.

"ಮೇಡಮ್ಮಾರ, ನಿಮ್ಮದೂ ಶಾಖ ನೋಡ್ತೈತಿ, ನಂದೂ ಶಾಖ ನೋಡ್ತೈತಿ. ಇನ್ನ ಮ್ಯಾಲೆ ನೀವು ದಣಿಯೂದು ಬ್ಯಾಡ," ಅಂದ. ಅಂದವನ ಗ್ವಾಡಿ ಮುಂದ ಹೋಗಿ, ಹಣಿ ಎಲ್ಲೈತಿ ಅಂತ ಹುಡುಕಿದಂಗ ಮ್ಯಾಲೆ ಕೆಳಗ ನೋಡಿ, ಒಂದು ಕಡೆ ಗುರಿ ಇಟ್ಟು ಒತ್ತಿದ. ಕುಂಯ್ ಅಂತು.

"ಮೂವತ್ತಾರೂವರಿ. ಜ್ವರ ಇಲ್ಲ. ಗ್ವಾಡಿ ನಾರ್ಮಲ್."

ನಾ ತಲಿ ಮ್ಯಾಲೆ ಕೈ ಹೊತ್ತೆ. ಹೊರಗ ಬಿಸಲು ಸುಡಾಕ ಹತ್ತಿತ್ತು, ಆ ಬಿಸಲು ನೆಟ್ಟಗ ಬಡಿಯೋ ಪಡುವಣ ಗ್ವಾಡಿಗೆ ಹಿಡಿದಿದ್ದ. ಒಂದು ಕಡೆ ಒಂದು ಅಂಕಿ ನೋಡಿದ್ರ ಏನೂ ತಿಳಿಯೂದಿಲ್ಲ, ಪೂರಾ ಗ್ವಾಡಿ ನೋಡಬೇಕು, ಎಲ್ಲೆ ಬಿಸಿ ಎಲ್ಲೆ ತಂಪು ತಾಳೆ ಹಾಕಬೇಕು ಅಂತ ಹೇಳಾಕ ಬಾಯಿ ತಗದೆ. ಆತ ನನ್ನ ಕಡೆ ನೋಡಲೂ ಇಲ್ಲ. ಅಡಗಿ ಮನಿ, ನಾರ್ಮಲ್. ದೇವರ ಮನಿ, ನಾರ್ಮಲ್. ಬಾಗಲಾಗ ಮಲಗಿದ್ದ ನಾಯಿ, ಅದೊಂದು ಸ್ವಲ್ಪ ಜಾಸ್ತಿ.

ಮನಿ ಮಾಲಕ ಹಿಗ್ಗಿ ಹೀರೀಕಾಯಿ ಆಗಿದ್ದ. ಕಾಕಾ ನನ್ನ ಮಾರಿ ನೋಡಿದ್ರು. ನಾ ಕ್ಯಾಮೆರಾ ಮ್ಯಾಲೆ ಎತ್ತಿ ಮಾಳಿಗಿ ನೋಡಿದೆ. ಜಂತಿ ಉದ್ದಕ ನೀಲಿ ಕಲಿ. ಮ್ಯಾಲಿನ ನೀರಿನ ಟಾಕಿ ಸೋರಿ ಮಾಳಿಗಿ ಮಣ್ಣು ಅದನ್ನ ಕುಡದಿತ್ತು. "ಇಲ್ಲೆ ಹಿಡೀರಿ ನಿಮ್ಮ ಪಿಸ್ತೂಲ್," ಅಂದೆ. ಹಿಡಿದ. "ಇಪ್ಪತ್ತೊಂಬತ್ತು" ಅಂದ. "ಎಲ್ಲಾ ಕಡೆ ಮೂವತ್ತಾರು, ಇಲ್ಲೆ ಯಾಕ ಇಪ್ಪತ್ತೊಂಬತ್ತು?" ಅಂದೆ. "ತಂಪಾಗಿದ್ರ ಛಲೋ ಆತಲ್ರಿ ಬ್ಯಾಸಗ್ಯಾಗ," ಅಂದ.

ಇಂಥವರ ಕೂಡ ಏನು ಮಾತಾಡ್ತೀರಿ? ನಾ ಸಿಟ್ಟಿಲೆ ಚೀಲ ಕಟ್ಟಾಕ ಹತ್ತಿದೆ. ಅಷ್ಟರಾಗ ಆ ಮಹಾಶಯ ಕಾಕೂನ ಹಣಿಗೆ ಪಿಸ್ತೂಲ್ ಹಿಡಿದು ಕುಂಯ್ ಅನಿಸಿದ. ಕಾಕಾನ ಕಡೆ ತಿರುಗಿ, ಲಗ್ನಾ ಕುದುರಿಸೋರ ಗತ್ತಿನ್ಯಾಗ ಹೇಳಿದ:

"ನೋಡ್ರಿ, ಇವರದೂ ಮೂವತ್ತಾರೂವರಿ. ಗ್ವಾಡಿಗೂ ಕಾಕೂಗೂ ಅಗದಿ ಕೂಡಿ ಬಂದೈತಿ. ಇನ್ನ ತಡಾ ಮಾಡಬ್ಯಾಡ್ರಿ."

೪. ದುಂಡಂದು ಏನೋ ಐತಿ

ಇದು ನೆನಸಿದ್ರ ನನಗ ನನ್ನ ಮ್ಯಾಲೇ ಸಿಟ್ಟು ಬರ್ತೈತಿ.

ಮೇ ತಿಂಗಳದಾಗ ನವಲಗುಂದ ಕಡೆ ಒಂದು ಹಳ್ಳ್ಯಾಗ ಛಲೋ ಮನಿ ಸಿಕ್ತು. ಇಬ್ಬರು ಅಣ್ಣ ತಮ್ಮರದು. ನಾಕೂ ಗ್ವಾಡಿ ಒಣಾ. ಮಾಳಿಗಿ ಒಣಾ. ಕಾಕು ಒಂದು ತಾಸು ಒಳಗ ಕುಂತ್ಲು, ಒಂದು ಸಲ ಕೆಮ್ಮಲಿಲ್ಲ. ಕಾಕಾನ ಕಣ್ಣಾಗ ನೀರು ಬಂದಂಗಾಗಿತ್ತು. ನಾ ಸುಮ್ನ ಕ್ಯಾಮೆರಾ ಚೀಲಕ್ಕ ಹಾಕಿ ಮನಿಗೆ ಬಂದಿದ್ರ ಆಗ್ತಿತ್ತು. ಆದ್ರ ನನ್ನ ಕೆಲಸ ನಾ ಪೂರಾ ಮಾಡಬೇಕಲ್ಲ. ಪಡಸಾಲಿ ನೆಲಕ್ಕೂ ಹಿಡಿದೆ.

ಮುಂಜಾನೆ ಬಿಸಲು ಬಾಗಲದಿಂದ ನೆಲದ ಮ್ಯಾಲೆ ಬಿದ್ದಿತ್ತು. ಪರದೆ ಮ್ಯಾಲೆ ಎಲ್ಲಾ ಒಂದ ಬಣ್ಣ, ನಟ್ಟನಡುವ ಮಾತ್ರ ಒಂದು ದುಂಡಂದು ಬ್ಯಾರೆ ಬಣ್ಣ. ನೋಡಿದ ಕೂಡಲೇ ತಿಳೀತು, ಹಗೇವು. ಹಿಂದಕ್ಕ ಜ್ವಾಳ ಹಾಕಿ ಇಡಾಕ ನಮ್ಮ ಕಡೆ ಮನಿ ಒಳಗ, ಓಣ್ಯಾಗ, ನೆಲದಾಗ ಆಳವಾದ ಕುಣಿ ತೋಡತಿದ್ರು. ಈಗ ಯಾರೂ ಬಳಸೂದಿಲ್ಲ, ಬಾಯಿಗೆ ಕಲ್ಲು ಮುಚ್ಚಿ ಮ್ಯಾಲೆ ಫರಸಿ ಹಾಕಿಬಿಡ್ತಾರ. ಗಟ್ಟಿಯಾಗಿ ತುಂಬಿಸಿಬಿಟ್ರ ಮುಗೀತು, ದೊಡ್ಡ ಮಾತಲ್ಲ.

ಅಷ್ಟನ್ನ ಹೇಳಿದ್ನಿ ನಾ. "ನೆಲದ ಕೆಳಗ ದುಂಡಂದು ಐತಿ, ಹಗೇವು ಇದ್ದಂಗೈತಿ" ಅಂದೆ. ಅಣ್ಣ ತಮ್ಮ ಪರದೆಗೆ ಮಾರಿ ಹಚ್ಚಿ ನೋಡಿದ್ರು. ಆಮ್ಯಾಲೆ ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಣ್ಣ ಮೆಲ್ಲಕ ಕೇಳಿದ, "ಹಂಡೆ ಬಾಯಿನೂ ದುಂಡಗ ಇರ್ತೈತಲ್ರಿ?"

"ಹಂಡೆ ಅಲ್ರಿ, ಹಗೇವು. ನಿಮ್ಮ ಅಜ್ಜಾರು ಜ್ವಾಳ ಹಾಕೋದು."

"ನಮ್ಮ ಅಜ್ಜ ಭಾಳ ಜಿಪುಣ ಇದ್ದ," ಅಂದ ತಮ್ಮ.

ಚಾ ಕುಡಿಯೋದ್ರಾಗ ಮಾತು ತಿರುಗಿತು. ಮನಿ ಮಾರೂದಿಲ್ಲ, ಹಿರ್ಯಾರ ಮನಿ, ಮನಸು ಒಪ್ಪವಲ್ದು ಅಂದ್ರು. ಹತ್ತು ನಿಮಿಷದ ಹಿಂದ ಈ ಮನಿ ಯಾವಾಗ ಕೈಬಿಡ್ತೈತೋ ಅಂತಿದ್ದ ಮಂದಿ. ಕಾಕಾ ಕೈ ಮುಗದು ಕೇಳಿದ್ರು, ನಾ ಬಯ್ದೆ, ಕಾಕು ಮಾತ್ರ ಎದ್ದು, "ನಡೀರಿ ಹೋಗೂಣು" ಅಂದ್ಲು. ಬಸ್ಸಿನ್ಯಾಗ ಊರು ಮುಟ್ಟೋತನಕ, ನಾ ತೋರಸಬಾರದಿತ್ತು ಅಂತ ನನಗ ಅನಿಸಿತ್ತು, ಅವರಿಗೂ ಅನಿಸಿತ್ತು, ಇಬ್ಬರೂ ಹೇಳಲಿಲ್ಲ.

ಅದ ವಾರ ಮಿರಗಾಕ್ಕೂ ಮುಂಚಿನ ಒಂದು ವಳವು ಮಳಿ ಹೊಡೀತು. ಬಾಡಿಗಿ ಮನಿ ಗ್ವಾಡಿ ಮತ್ತ ಹಸಿ ಆತು. ಕಾಕೂನ್ನ ಎರಡು ದಿನ ದವಾಖಾನ್ಯಾಗ ಇಡಬೇಕಾತು. ಮೂಗಿಗೆ ನಳಿ ಹಾಕಿಕೊಂಡು ಮಲಗಿದಾಕಿನ್ನ ನೋಡಿ ಬಂದ ದಿನ ನಾ ಮನ್ಯಾಗ ಸಿಕ್ಕಸಿಕ್ಕವರ ಮ್ಯಾಲೆ ಹರಿಹಾಯ್ದೆ.

ಆ ಅಣ್ಣ ತಮ್ಮ ಏನು ಮಾಡಿದ್ರು ಅಂತೀರಿ? ಫರಸಿ ಕಿತ್ತು ತೋಡಿದ್ರು. ಹಗೇವಿನ್ಯಾಗ ಮುಗ್ಗಿದ ಜ್ವಾಳದ ಹೊಟ್ಟು ಸಿಕ್ತು. ಅದಕ್ಕೂ ಸುಮ್ನಾಗದ ಬಾಜೂಕ ತೋಡಿದ್ರು, ಗ್ವಾಡಿ ಬುಡಕ ತೋಡಿದ್ರು. ಎರಿ ಮಣ್ಣಿನ ನೆಲ, ಗ್ವಾಡಿ ಕೈ ಹೋಗೂವಷ್ಟು ಬಿರಕು ಬಿಡ್ತು. ಆಮ್ಯಾಲೆ ನನ್ನ ಮನಿ ಬಾಗಲಿಗೆ ಬಂದು ನಿಂತ್ರು. ನಾ ತಪ್ಪಾತ್ರಿ ಅನ್ನಾಕ ಬಂದಾರ ಅಂತ ತಿಳದೆ. ತಮ್ಮ ಗಂಭೀರವಾಗಿ ಕೇಳಿದ:

"ನಿಮ್ಮ ಮಿಷನ್ ಸಣ್ಣದಾತ್ರಿ. ಇನ್ನೂ ಕೆಳಗ ನೋಡೂವಂಥಾ ದೊಡ್ಡ ಮಿಷನ್ ಯಾರ ಕಡೆ ಐತಿ?"

೫. ಬಮ್ಮಿಗಟ್ಟಿ ಬೆನ್ನು

ಜೂನ್ ಬಂತು. ಮಿರಗಾ ಇನ್ನ ನಾಕು ದಿನ ಇತ್ತು. ಕಾಕಾ ಗಡ್ಡಾ ಬಿಟ್ಟಿದ್ರು. ಕಲಘಟಗಿ ಕಡೆ ಬಮ್ಮಿಗಟ್ಟ್ಯಾಗ ಒಂದು ಮನಿ ಐತಂತ, ಕಡೀದು, ಇದೊಂದು ನೋಡಿಬಿಡೂಣು ಅಂದ್ರು. ನನಗ ಆಸೆ ಇರಲಿಲ್ಲ. ಕಲಘಟಗಿ ಕಡೆ ಮಳಿ ನಮ್ಮಕಿಂತ ಜಾಸ್ತಿ, ಅಲ್ಲೆ ಒಣಾ ಗ್ವಾಡಿ ಎಲ್ಲಿಂದ ತರ್ತಾರ?

ಮುಂಜಾನೆ ಹೊತ್ತಿಗೆ ಹೋದ್ವಿ. ಇಡೀ ಮನಿಮಂದಿ ಅಂಗಳದಾಗ ಸಾಲಾಗಿ ನಿಂತಿತ್ತು. ಅಜ್ಜಿ, ಮಾಲಕ, ಅವನ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಬೆಳದ ಮಕ್ಕಳಿಬ್ಬರು, ಸಣ್ಣವು ಎರಡು. ಯಾರೂ ಹಿಂದ ತಿರುಗವಲ್ರು. ನಮಗ ದಾರಿ ಬಿಡಾಕ ಹೋಗಿ ಅಜ್ಜಿ ತಿರುಗಿದ್ಲು, ನೋಡಿದ್ರ ಬೆನ್ನು ಪೂರಾ ಸುಣ್ಣ. ಮುದುಕಿ ಎಲ್ಲ್ಯೋ ಒರಗಿ ಕುಂತಿರಬೇಕು ಅಂತ ಒಳಗ ಹೋದೆ.

ಉತ್ತರದ ಗ್ವಾಡಿಗೆ ಕ್ಯಾಮೆರಾ ಹಿಡಿದೆ. ಹಿಡಿದಾಕಿ ಹಂಗ ನಿಂತೆ.

ಗ್ವಾಡಿ ಮ್ಯಾಲೆ ಬೆನ್ನು ಮೂಡಿದ್ವು. ಸಾಲಾಗಿ, ಕೆಂಪಗ, ಒಂದರ ಬಾಜು ಒಂದು. ಅಗಲಾದ ಬೆನ್ನು ಮಾಲಕಂದು. ಬಾಗಿದ್ದು ಅಜ್ಜೀದು, ಮ್ಯಾಲೆ ತುರುಬಿನ ಗುರುತು ಬ್ಯಾರೆ. ತುದಿಗೆ ಎರಡು ಗೇಣಗೇಣ ಬೆನ್ನು. ಈಗಷ್ಟ ಎದ್ದು ಹೋಗ್ಯಾರ, ಶಾಖ ಇನ್ನೂ ಆರಿಲ್ಲ. ತಣ್ಣಗಿದ್ದ ಗ್ವಾಡಿನ ಈ ಮಿಷನ್ ಬಾಯಿ ಫೇಲ್ ಮಾಡ್ತಾಳ ಅಂತ ಸುದ್ದಿ ಹಬ್ಬಿ, ಇಡೀ ಕುಟುಂಬ ನಸುಕಿನಿಂದ ಗ್ವಾಡಿಗೆ ಬೆನ್ನು ಕೊಟ್ಟು ಕುಂತು ಅದನ್ನ ಬೆಚ್ಚಗ ಮಾಡಿತ್ತು.

ಕಾಕಾ ನನ್ನ ಹೆಗಲ ಮ್ಯಾಲಿಂದ ಬಗ್ಗಿ ನೋಡಿದ್ರು. ಬಟ್ಟು ಆಡಿಸ್ಕೋತ ಈ ತುದಿಯಿಂದ ಆ ತುದಿತನಕ ಎಣಿಸಿದ್ರು.

"ಏಳು ಫುಲ್, ಎರಡು ಹಾಫ್," ಅಂದ್ರು.

ಆ ಮೂರು ತಿಂಗಳದ ಸಿಟ್ಟು ಎಲ್ಲಾ ಒಮ್ಮೆಲೆ ಬಂತು ನನಗ. ಅಂಗಳಕ್ಕ ಹೋಗಿ ಒಬ್ಬೊಬ್ಬರನ್ನ ತಿರುಗಿಸಿ ಬೆನ್ನು ನೋಡಿದೆ. ಒಂಬತ್ತಕ್ಕ ಒಂಬತ್ತೂ ಸುಣ್ಣ. "ನಿಮಗ ಮನಷ್ಯಾತನ ಐತೇನ್ರಿ?" ಅಂದೆ. "ಆ ಹೆಣಮಗಳಿಗೆ ಉಸುರು ಹತ್ತವಲ್ದು. ಹಸಿ ಗ್ವಾಡ್ಯಾಗ ಆಕಿನ್ನ ಹಾಕಿ ಕೊಲ್ಲಾಕ ನೋಡ್ತೀರೇನು? ಸಣ್ಣ ಮಕ್ಕಳನ್ನೂ ಬಿಡಲಿಲ್ಲಲ್ಲ, ನಿದ್ದಿಗಣ್ಣಾಗ ಎಬ್ಬಿಸಿ ಗ್ವಾಡಿಗೆ ಹಚ್ಚೀರಿ." ಹಿಂಗ ಹತ್ತು ನಿಮಿಷ ಬಯ್ದೆ. ಮಾಲಕ ತಲಿ ತಗ್ಗಿಸಿದ. ಸಣ್ಣದೊಂದು ಅಳಾಕ ಹತ್ತಿತು.

ಬಯ್ದು ಬಾಯಿ ಒಣಗಿ, ಎಷ್ಟು ಹಸಿ ಐತಿ ಅಂತ ಬರಕೊಂಡರ ಹೋಗೂಣು ಅಂತ ಮತ್ತ ಒಳಗ ಬಂದೆ. ಬೆನ್ನು ಆರಿ ಹೋಗಿದ್ವು. ಗ್ವಾಡಿ ಈ ಮೂಲಿಯಿಂದ ಆ ಮೂಲಿತನಕ ಒಂದ ಬಣ್ಣ. ನೀಲಿ ಇಲ್ಲ. ಸೂಜಿ ಚುಚ್ಚಿದೆ. ಮೀಟರ್ ಸುಮ್ನಿತ್ತು. ಕೆಳಗ ಚುಚ್ಚಿದೆ, ಮೂಲ್ಯಾಗ ಚುಚ್ಚಿದೆ, ದೇವರ ಫೋಟೋ ಸರಿಸಿ ಹಿಂದ ಚುಚ್ಚಿದೆ. ಒಣಾ. ಹೊರಗ ಸುತ್ತು ಹೊಡದು ನೋಡಿದೆ. ಕಲ್ಲಿನ ಪಾಯಾ ಮಣಕಾಲಮಟ ಎತ್ತರ, ಹಂಚಿನ ಸೂರು ಎರಡು ಮೊಳ ಮುಂದ, ಬಚ್ಚಲ ದೂರ ಹಿತ್ತಲದಾಗ.

ಅಂಗಳಕ್ಕ ಬಂದೆ. ಮಾಲಕ ಇನ್ನೂ ತಲಿ ತಗ್ಗಿಸಿ ನಿಂತಿದ್ದ.

"ಅಲ್ರಿ ಯಜಮಾನ್ರ, ಗ್ವಾಡಿ ಖಡಕ್ ಒಣಾ ಐತಿ. ಇದನ್ನ ಯಾಕ ಬೆಚ್ಚಗ ಮಾಡಿದ್ರಿ?"

"ಒಣಾ ಐತಂತ ನಮಗ ಗೊತ್ತೈತ್ರಿ," ಅಂದ ಆತ ಸಣ್ಣ ದನಿಲೆ. "ಆದ್ರ ನೀವು ಬರೂ ಮುಂಚೆ ಎಲ್ಲಾರೂ ಏನರ ಮಾಡ್ತಾರಂತಲ್ರಿ. ನಾವ ಏನೂ ಮಾಡದ ಕುಂತ್ರ, ಇವರು ಭಾಳ ದೊಡ್ಡದೇನೋ ಮುಚ್ಚಿಟ್ಟಾರ ಅಂತ ನೀವು ತಿಳೀತೀರಿ ಅಂತ ಅಂಜಿಕಿ ಬಂತು."

ಬಯ್ದಿದ್ದನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ. ಅಜ್ಜಿ ಮುಂದ ಕುಂತು ಒಂದು ಚಾ ಕುಡದು, ಸಣ್ಣದಕ್ಕ ಬಿಸ್ಕೀಟ್ ಕೊಡಿಸಿ ಬಂದೆ.

ಆದ್ರೂ ನನ್ನ ಹಠಾ ಬಿಡಲಿಲ್ಲ. ಮಿರಗಾ ಹಿಡಿದು ಎರಡು ದಿನ ಬಿಡದ ಹೊಡೀಲಿ ಅಂತ ಕಾದು, ಮಳ್ಯಾಗ ತೊಯ್ಸಿಕೊಂಡು ಮತ್ತ ಹೋಗಿ ನೋಡಿದೆ. ಒಣಾ. ಕಾಕು ಅಲ್ಲೆ ಊಟಾ ಮಾಡಿದ್ಲು, ಅಜ್ಜಿ ಕೂಡ ಎಲಿ ಅಡಿಕಿ ಹಾಕ್ಕೊಂಡ್ಲು, ಕೆಮ್ಮಲಿಲ್ಲ. ಕಾಕಾ ಖರೇದಿ ಮುಗಿಸಿ, ಆ ತಿಂಗಳದಾಗ ಸಾಮಾನು ಹೇರಿಕೊಂಡು ಹೋದ್ರು.

ಹದಿನೈದು ದಿನ ಸುದ್ದಿ ಇರಲಿಲ್ಲ. ಒಂದು ದಿನ ಮುಂಜಾನೆ ನಾ ರೊಟ್ಟಿ ಬಡೀಬೇಕಾದ್ರ ಕಾಕಾನ ಫೋನ್ ಬಂತು. ದನಿ ಕೇಳಿದ್ರ ಬೆಂಕಿ ಆಗಿತ್ತು.

"ಎಂಥಾ ಮನಿ ಕೊಡಿಸಿದ್ರಿ ಬಾಯಾರ? ಹದಿನೈದು ದಿನ ಆತು, ಕಣ್ಣಿಗೆ ಕಣ್ಣು ಹತ್ತಿಲ್ಲ ನನಗ."

ರೊಟ್ಟಿ ಹಂಚಿನ ಮ್ಯಾಲೇ ಬಿಟ್ಟೆ. "ಎಲ್ಲೆ ಹಸಿ ಬಂತ್ರಿ? ಯಾವ ಗ್ವಾಡಿ? ಕಾಕೂಗ ಮತ್ತ ದಮ್ಮು ಎದ್ದೈತೇನು? ರೊಟ್ಟಿ ಹಂಚಿನ ಮ್ಯಾಲಿದ್ರೂ ಇರ್ಲಿ, ನಾ ಈಗ ಬರ್ತೀನಿ."

"ಯಾವ ಹಸಿನೂ ಇಲ್ಲ, ಯಾವ ದಮ್ಮೂ ಇಲ್ಲ. ಈಕಿ ನಾಕೂ ದಿಂಬು ಅಟ್ಟದ ಮ್ಯಾಲೆ ಒಗದು, ಕಾಲು ಚಾಚಿ ಅಂಗಾತ ಮಲಗ್ತಾಳ. ಮಲಗಿದಾಕಿ ಗೊರಕಿ ಹೊಡೀತಾಳ್ರಿ. ಹಂಚು ನಡಗ್ತಾವ. ಬಾಜು ಮನ್ಯಾರು ನಿನ್ನಿ ಬಂದು ಕೇಳಿ ಹೋದ್ರು."

ನಾ ಫೋನ್ ಹಿಡ್ಕೊಂಡು ಒಲಿ ಮುಂದ ನಿಂತೆ. ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಬಂದ್ವು. ಅಷ್ಟರಾಗ ಆ ಕಡೆ ಯಾರೋ ಫೋನ್ ಕಸಗೊಂಡ ಸಪ್ಪಳಾತು. ಕಾಕು. ಒಂದ ಉಸುರಿನ್ಯಾಗ, ಎಲ್ಲೂ ತಡೀದ, ಅಷ್ಟೂ ಮಾತು ಹೇಳಿ ಮುಗಿಸಿದ್ಲು:

"ಮೂವತ್ತು ವರ್ಷ ಇವರು ಗೊರಕಿ ಹೊಡದಾರ, ನಾ ಕುಂತು ಕೇಳೇನಿ. ಈಗ ನನ್ನ ಪಾಳಿ. ನೀ ಏನೂ ಬರಬ್ಯಾಡವಾ, ರೊಟ್ಟಿ ಹೊತ್ತಿಸಿಕೋಬ್ಯಾಡ."